ಬಣ್ಣದ ಪಂಪಿನ ಮೇಲೆ ನನಗಿರುವ ಸಿಟ್ಟು

ಮನುಷ್ಯರ ಮೇಲೆ ಸಿಟ್ಟು ಬಂದರೆ ಮಾತು ಬಿಡಬಹುದು, ಪಾತ್ರೆ ಕುಕ್ಕಬಹುದು, ಊಟಕ್ಕೆ ಕರೆದಾಗ ಹಸಿವಿಲ್ಲ ಎನ್ನಬಹುದು. ಒಂದು ಪಂಪಿನ ಮೇಲೆ ಸಿಟ್ಟು ಬಂದರೆ ಏನು ಮಾಡುವುದು, ನೀವೇ ಹೇಳಿ. ನಾನು ಹೇಳುತ್ತಿರುವುದು ಬಾವಿಯ ಪಂಪಲ್ಲ. ಅದರ ಮೇಲೆ ಬೇಸಿಗೆಯಲ್ಲಿ ಊರಿಗೆ ಊರೇ ಸಿಟ್ಟು ಮಾಡಿಕೊಳ್ಳುತ್ತದೆ. ನನ್ನ ಸಿಟ್ಟು ಬಣ್ಣದ ಪಂಪಿನ ಮೇಲೆ. ಹೌದು, ಗೋಡೆಗೆ ಬಳಿಯುವ ಬಣ್ಣಕ್ಕೂ ಈಗೊಂದು ಪಂಪು ಬಂದಿದೆ. ಬಕೆಟ್ಟಿನ ಬಾಯಿಗೆ ಅದನ್ನು ಕೂರಿಸಿ, ಒಂದು ನಳಿಕೆಯನ್ನು ಬಣ್ಣದೊಳಗೆ ಇಳಿಬಿಟ್ಟು, ಉದ್ದದ ಪೈಪನ್ನು ರೋಲರಿನ ಕೋಲಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದರೆ ಮುಗಿಯಿತು. ಬಣ್ಣ ತಾನಾಗಿ ಏರಿ ರೋಲರಿನ ಹೊಟ್ಟೆಯೊಳಗಿಂದ ಒಸರುತ್ತದೆ. ರೋಲರು ಬೇಡವೆಂದರೆ ಅದನ್ನು ಕಳಚಿ ಕುಂಚವನ್ನೂ ಸಿಕ್ಕಿಸಬಹುದಂತೆ. ಬಗ್ಗುವುದು ಬೇಡ, ಅದ್ದುವುದು ಬೇಡ, ಬಕೆಟ್ಟಿನ ಅಂಚಿಗೆ ಒರೆಸುವುದೂ ಬೇಡ. ಗೋಡೆ ಮುಗಿಯುವ ತನಕ ಬಣ್ಣ ಬರುತ್ತಲೇ ಇರುತ್ತದೆ.

ಅದ್ದುವುದು ಕಷ್ಟ ಎಂದು ಆ ಕಂಪನಿಯವರಿಗೆ ದೂರು ಕೊಟ್ಟವರು ಯಾರು ಎಂದು ನನಗೆ ಗೊತ್ತಾಗಬೇಕು. ನಾನಂತೂ ಕೊಟ್ಟಿಲ್ಲ. ಬುದ್ಧಿ ಬಂದಾಗಿನಿಂದ ಗೋಡೆ ಬಳಿಯುತ್ತ ಬಂದವಳು ನಾನು. ಸೊಂಟ ನೋಯುತ್ತದೆ ಎಂದು ಗೊಣಗಿದ್ದೇನೆ, ಕಣ್ಣಿಗೆ ಬಣ್ಣ ಬಿತ್ತು ಎಂದು ಕೂಗಿದ್ದೇನೆ. ಆದರೆ ಕುಂಚವನ್ನು ಬಕೆಟ್ಟಿಗೆ ಅದ್ದಬೇಕಲ್ಲ, ಇದೆಂಥ ಅನ್ಯಾಯ ಎಂದು ಒಂದು ದಿನವೂ ಅಂದವಳಲ್ಲ.

ನನ್ನ ತವರುಮನೆ ನಾವುಂದದ ಕಡೆ. ನಾನು ಚಿಕ್ಕವಳಿದ್ದಾಗ ಬಣ್ಣವೆಂದರೆ ಸುಣ್ಣ, ಸುಣ್ಣವೆಂದರೆ ಚಿಪ್ಪಿನ ಸುಣ್ಣ. ಮಳೆಗಾಲ ಮುಗಿದು ಬಿಸಿಲು ಬಿದ್ದ ಕೂಡಲೇ ಅಪ್ಪಯ್ಯ ಹೊಳೆಬದಿಯ ಗೂಡಿನಲ್ಲಿ ಸುಟ್ಟ ಚಿಪ್ಪನ್ನು ಬುಟ್ಟಿಯಲ್ಲಿ ತರುತ್ತಿದ್ದರು. ಅಂಗಳದ ಮೂಲೆಯ ಹಳೆಯ ಮಡಕೆಗೆ ಅದನ್ನು ಸುರಿದು ನೀರು ಹೊಯ್ದರೆ ಬೆಂಕಿಯಿಲ್ಲದೆ ಕೊತಕೊತ ಕುದಿಯುತ್ತಿತ್ತು. ಮಕ್ಕಳು ಹತ್ತಿರ ಹೋಗಬಾರದು ಎಂಬ ಕಟ್ಟಪ್ಪಣೆ. ನಾವು ಹೋಗುತ್ತಿದ್ದೆವು. ತಣಿದ ಮೇಲೆ ಹಳೆಯ ಪಂಚೆಯಲ್ಲಿ ಸೋಸಿ, ಒಂಚೂರು ನೀಲಿ ಬೆರೆಸಿ, ತೋಡಿನ ಬದಿಯ ಕೇದಗೆಯ ಬೇರನ್ನು ನೆನೆಸಿ ಜಜ್ಜಿ ಮಾಡಿದ ಕುಂಚವನ್ನು ಅಮ್ಮ ನಮ್ಮ ಕೈಗೆ ಕೊಡುತ್ತಿದ್ದಳು. ಕೆಳಗಿನ ಅರ್ಧ ಗೋಡೆ ಮಕ್ಕಳದ್ದು, ಮೇಲಿನ ಅರ್ಧ ದೊಡ್ಡವರದ್ದು.

"ಅದ್ದ್, ಒರ್ಸ್, ಗ್ವಾಡಿ ಕಾಣ್, ಮತ್ತ್ ಬಳಿ," ಎಂದು ಅಮ್ಮ ಹಿಂದೆ ನಿಂತು ಹೇಳುತ್ತಲೇ ಇರುತ್ತಿದ್ದಳು.

ನಾನು ಗೋಡೆ ನೋಡುತ್ತಿರಲಿಲ್ಲ, ಗೋಡೆಯ ಮೇಲಿನ ಹಲ್ಲಿ ನೋಡುತ್ತಿದ್ದೆ. ಹಾಗೆ ನೋಡುವಾಗ ಒಂದು ಸಲ ನನ್ನ ಉದ್ದ ಜಡೆ ಸುಣ್ಣದ ಮಡಕೆಗೆ ಬಿತ್ತು. ಎಷ್ಟು ತೊಳೆದರೂ ತುದಿಯ ಬಿಳಿ ಹೋಗಲಿಲ್ಲ. ಶಾಲೆಯಲ್ಲಿ ದಸರಾ ರಜೆಯ ನಂತರ ನನ್ನ ಹೆಸರು ಅಜ್ಜಿ ಎಂದಾಯಿತು. ಈಗ ಕೂದಲು ಬುಡದಿಂದಲೇ ಬೆಳ್ಳಗಾಗಿದೆ, ಸೊಸೆಯಂದಿರ ವಯಸ್ಸಿನವರು ಮರ್ಯಾದೆಯಿಂದ ಆಂಟಿ ಎನ್ನುತ್ತಾರೆ. ನನಗೆ ಅಜ್ಜಿಯೇ ಹಿತವಾಗಿತ್ತು.

ಮದುವೆಯಾಗಿ ಬಂದದ್ದು ಕೋಟೇಶ್ವರದ ಹತ್ತಿರ, ಹೆದ್ದಾರಿಯಿಂದ ಸ್ವಲ್ಪವೇ ಒಳಗಿನ ಮನೆಗೆ. ನನ್ನವರು ಅಣ್ಣ, ಜಲಜಳ ಗಂಡ ತಮ್ಮ. ಹಾಗಾಗಿ ಜಲಜ ನನಗೆ ವಾರಗಿತ್ತಿ. ಅಣ್ಣತಮ್ಮ ಪಾಲಾದಾಗ ಗದ್ದೆ ಪಾಲಾಯಿತು, ತೆಂಗಿನ ಮರ ಪಾಲಾಯಿತು, ಬಚ್ಚಲಿನ ತಾಮ್ರದ ಹಂಡೆ ಅವರಿಗೂ ಅದರ ಮುಚ್ಚಳ ನಮಗೂ ಬಂದವು. ಯಾವ ಬುದ್ಧಿವಂತರು ಕೂತು ಮಾಡಿದ ಪಾಲೋ ದೇವರೇ ಬಲ್ಲ. ಪಾಲು ಮಾಡಲಾಗದೆ ಉಳಿದದ್ದು ಎರಡು ಮನೆಗೂ ಮುಂದುಗಡೆ ಉದ್ದಕ್ಕೆ ಚಾಚಿಕೊಂಡಿರುವ ಕೆಂಪು ಮುರಕಲ್ಲಿನ ಪಾಗಾರ, ಅಂದರೆ ಕಾಂಪೌಂಡು ಗೋಡೆ. ಅದು ಇಬ್ಬರಿಗೂ ಸೇರಿದ್ದು. ಇಬ್ಬರಿಗೂ ಸೇರಿದ್ದು ಎಂದ ಮೇಲೆ ಗಂಡಸರು ಅದರ ಕಡೆ ತಿರುಗಿ ನೋಡಲಿಲ್ಲ. ಪ್ರತಿ ಮಳೆಗಾಲಕ್ಕೂ ಅದು ಪಾಚಿ ಕಟ್ಟಿ ಕಪ್ಪಾಗುತ್ತದೆ, ಹೆದ್ದಾರಿಯ ಧೂಳು ಬೇರೆ. ಕಂಡು ಕಂಡು ಸಾಕಾಗಿ ನಾವಿಬ್ಬರೇ ಶುರು ಮಾಡಿದೆವು. ನವರಾತ್ರಿಯ ಬಿಸಿಲು ಬಂದ ಮೇಲೆ ಒಂದು ದಿನ ಹಿಡಿಸೂಡಿ ಪೊರಕೆಯಲ್ಲಿ ಉಜ್ಜಿ ಪಾಚಿ ತೆಗೆಯುವುದು, ಒಣಗಿದ ಮೇಲೆ ಹಳದಿ ಬಳಿಯುವುದು. ಬಕೆಟ್ಟು ಒಂದೇ, ನಮ್ಮಿಬ್ಬರ ನಡುವೆ. ಕುಂಚ ಎರಡು.

ಉಳಿದ ದಿನಗಳಲ್ಲಿ ನಾವು ಗೆಳತಿಯರು ಎಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ಅವಳ ಕೋಳಿ ನನ್ನ ಬಸಳೆಯ ಬುಡ ಕೆದಕುತ್ತದೆ. ನಮ್ಮ ತೆಂಗಿನ ಮಡಲು ಅವಳ ಅಂಗಳಕ್ಕೇ ಬೀಳುತ್ತದೆ. ನಾನು ಬಾಗಿಲಲ್ಲಿ ನಿಂತು ಕೋಳಿಗೆ ಬೈಯುತ್ತೇನೆ, ಅವಳು ಬಾಗಿಲಲ್ಲಿ ನಿಂತು ಮಡಲಿಗೆ ಬೈಯುತ್ತಾಳೆ. ಯಾರಿಗೆ ಬೈದದ್ದು ಎಂದು ಇಬ್ಬರಿಗೂ ಗೊತ್ತು. ಮುಖ ಎದುರಾದರೆ "ಊಟ ಆಯ್ತಾ" ಎನ್ನುವುದಕ್ಕಿಂತ ಹೆಚ್ಚಿನ ಮಾತು ಬರುವುದಿಲ್ಲ.

ಪಾಗಾರದ ಎದುರು ಮಾತ್ರ ಹಾಗಲ್ಲ. ಅಲ್ಲಿ ಇಬ್ಬರ ಮುಖವೂ ಗೋಡೆಗೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಕೈಗೆ ಕೆಲಸ ಇದೆ, ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎರಡನೆಯ ಸಲ ಹೊಟ್ಟೆಯ ಮಗು ನಿಲ್ಲಲಿಲ್ಲ ಎಂದು ಜಲಜ ಹೇಳಿದ್ದು ಅಲ್ಲಿ. ನನ್ನ ಅಮ್ಮನಿಗೆ ನನ್ನ ಗುರುತು ಹತ್ತುವುದಿಲ್ಲ, ನನ್ನನ್ನು ನೋಡಿ ಯಾರ ಮನೆಯವರು ಎಂದು ಕೇಳಿದಳು ಎಂದು ನಾನು ಹೇಳಿದ್ದೂ ಅಲ್ಲಿ. ಅವಳ ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ ಸುದ್ದಿಯನ್ನು ಗಂಡನಿಗಿಂತ ಮೊದಲು ಕೇಳಿದ್ದು ಆ ಪಾಗಾರ ಮತ್ತು ನಾನು. ಮಾತು ತೀರಾ ಭಾರವಾದರೆ ಕುಂಚ ಅದ್ದುವುದಕ್ಕೆ ಬಗ್ಗಬಹುದು. ಬಕೆಟ್ಟಿನ ಹತ್ತಿರ ಇಬ್ಬರ ಕೈಯೂ ಸೇರುತ್ತದೆ, ಒಂದು ಗಳಿಗೆ ಕಣ್ಣು ಕೂಡುತ್ತದೆ, ಪುನಃ ಗೋಡೆ. ಅದ್ದುವುದು ಬೇಡ ಎಂದು ಹೇಳುವವರು ಈ ಬಕೆಟ್ಟಿನ ಹತ್ತಿರ ಒಂದು ಬೆಳಿಗ್ಗೆಯಾದರೂ ನಿಂತಿದ್ದಾರೆಯೇ?

ಈ ವರ್ಷದ ಸಿಟ್ಟಿಗೆ ಇನ್ನೂ ದೊಡ್ಡ ಕಾರಣ ಉಂಟು. ನವರಾತ್ರಿಗೆ ಮೊದಲು ಮಲ್ಲಿಗೆ ಗಿಡ ತರುವುದಕ್ಕೆ ನಾನು ಬ್ರಹ್ಮಾವರಕ್ಕೆ ಹೋಗಿದ್ದೆ. ಹಿಂತಿರುಗುವ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಜಲಜ. ಮಡಿಲಲ್ಲಿ ಸ್ಕ್ಯಾನಿಂಗ್ ಮಾಡುವಲ್ಲಿ ಕೊಡುತ್ತಾರಲ್ಲ, ಆ ಅಗಲದ ಕವರು. ನನ್ನನ್ನು ಕಂಡದ್ದೇ ಅದನ್ನು ಕಾಲಬುಡಕ್ಕೆ ಇಳಿಸಿ, ಹಿಮ್ಮಡಿಯಿಂದ ಸೀಟಿನ ಅಡಿಗೆ ನೂಕಿದಳು.

"ಎಲ್ಲಿಗ್ ಹೋದದ್ದ್ ಹೆಣೆ?" ಎಂದೆ.

"ರವ್ಕಿ ಕಣ ತಕಂಬುಕ್ ಬಂದಿದ್ದೆ ಅಕ್ಕ," ಎಂದಳು.

ರವಿಕೆ ಕಣವನ್ನು ಎಕ್ಸ್‌ರೇ ಕವರಿನಲ್ಲಿ ಹಾಕಿ ಕೊಡುವ ಅಂಗಡಿ ಬ್ರಹ್ಮಾವರದಲ್ಲಿ ಯಾವುದು ಎಂದು ನಾನು ಕೇಳಲಿಲ್ಲ. ಕೋಟೇಶ್ವರ ಬರುವ ತನಕ ಮಲ್ಲಿಗೆ ಗಿಡದ ಮಾತಾಡಿದೆವು. ಮನೆಗೆ ಬಂದ ಮೇಲೆ ಹೋಗಿ ಕೇಳಲೇ ಎಂದು ಅಂಗಳದ ಅರ್ಧಕ್ಕೆ ಹೋಗಿ ತಿರುಗಿ ಬಂದೆ. ನಮ್ಮಲ್ಲಿ ಹಾಗೆ ಹೋಗಿ ಕೇಳಿ ಅಭ್ಯಾಸವಿಲ್ಲ. ಇರಲಿ, ಇನ್ನೇನು ಪಾಗಾರ ಬಳಿಯುವ ದಿನ ಬಂತು, ಆಗ ಅವಳೇ ಹೇಳುತ್ತಾಳೆ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡೆ. ಕುಂದಾಪುರಕ್ಕೆ ಹೋಗಿ ಹಳದಿ ತಂದೆ. ಅಂಗಡಿಯವನು ಎಂದಿನಂತೆ ಬಣ್ಣದ ಪುಸ್ತಕ ಬಿಡಿಸಿ, ಅದರಲ್ಲಿ ಹಳದಿಗೇ ನೂರೆಂಟು ಹೆಸರು ತೋರಿಸಿದ. ಎಂದಿನ ಹಳದಿ ಕೊಡು ಮಾರಾಯ ಎಂದೆ. ಹೊಸ ಕುಂಚ ಎರಡು ತೆಗೆದುಕೊಂಡು ಬಂದು ನೀರಿನಲ್ಲಿ ನೆನೆಹಾಕಿದೆ.

ಆ ಹೊತ್ತಿಗೆ ಸರಿಯಾಗಿ ಬಂತು ನೋಡಿ ಪಂಪು. ಪಾರ್ಸೆಲ್ಲಿನವನು ಗೇಟಿನ ಎದುರು ಬೈಕು ನಿಲ್ಲಿಸಿ ದೊಡ್ಡದೊಂದು ಪೆಟ್ಟಿಗೆ ಕೊಟ್ಟು ಹೋದ. ಜಲಜಳ ಗಂಡ ಮುಂಬೈಯ ಹೋಟೆಲಿನಲ್ಲಿರುವವರು, ಅಲ್ಲಿಂದಲೇ ಮೊಬೈಲಿನಲ್ಲಿ ತರಿಸಿದ್ದಂತೆ. ಜಲಜ ಪೆಟ್ಟಿಗೆ ಬಿಚ್ಚಿ, ಪೈಪು ಬೇರೆ, ಕೋಲು ಬೇರೆ ಮಾಡಿ ಜಗಲಿಯಲ್ಲಿ ಹರಡಿದಳು.

"ಅಕ್ಕ, ಈ ಸರ್ತಿ ನೀವ್ ಎಂತದೂ ಮಾಡುದ್ ಬ್ಯಾಡ. ನಾನೊಬ್ಳೇ ಮಾಡ್ತೆ. ನೀವ್ ಕೂಕಂಡ್ ಕಾಣಿ," ಎಂದಳು. ನನ್ನ ಮುಖ ನೋಡದೆ ಎಂದಳು.

ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಒಟ್ಟಿಗೆ ಬಳಿದ ಮೇಲೆ ಕೂತು ನೋಡಬೇಕಂತೆ! ಮನೆಯೊಳಗೆ ಬಂದು ನನ್ನವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಿ ನಕ್ಕರು.

"ಒಳ್ಳೇದೇ ಆಯ್ತಲೆ! ಸೊಂಟ ನೋವ್, ಸೊಂಟ ನೋವ್ ಅಂದೇಳಿ ಪ್ರತಿ ವರ್ಷ ನಂಗ್ ಎಣ್ಣಿ ತಿಕ್ಕುಕ್ ಹೇಳ್ತಿಯಲ್ದಾ. ಈ ವರ್ಷ ನಂಗೂ ಬಿಡ್ಗಡಿ."

"ನಿಮ್ಗ್ ಎಂತ ಗೊತ್ತಿತ್ತ್?" ಎಂದೆ.

"ನಂಗ್ ಎಂತದೂ ಗೊತ್ತಿಲ್ಲ," ಎಂದು ಅವರು ಮತ್ತೆ ಪೇಪರಿಗೆ ಇಳಿದರು. ಆ ಮಾತು ಮಾತ್ರ ನಿಜ. ನಾನು ಬಸ್ಸಿನ ಕವರಿನ ವಿಷಯ ಅವರಿಗೆ ಹೇಳಿರಲಿಲ್ಲ. ನೆನೆಸಿಟ್ಟ ಕುಂಚಗಳನ್ನು ನೀರಿನಿಂದ ತೆಗೆಯುವುದಕ್ಕೂ ಮನಸ್ಸು ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಮನೆಯ ಕಿಟಕಿಯಿಂದ ಕರೆಂಟಿನ ವಯರು ಅಂಗಳಕ್ಕೆ ಇಳಿಯಿತು. ಸ್ವಿಚ್ಚು ಹಾಕಿದ್ದೇ ಗುರ್ರ್ ಎಂದು ಶುರು. ಕೋಳಿಗಳೆಲ್ಲ ಹಿತ್ತಿಲಿಗೆ ಓಡಿದವು. ಒಂದೇ ಒಂದು ಒಳ್ಳೆಯ ಕೆಲಸ ಅದು ಮಾಡಿದ್ದರೆ ಇಷ್ಟೇ. ನಾನು ನಮ್ಮ ಮೆಟ್ಟಿಲಿನ ಮೇಲೆ, ಕೂತು ನೋಡಿ ಎಂದಿದ್ದಳಲ್ಲ, ಕೂತು ನೋಡಿದೆ. ತಪ್ಪು ಹುಡುಕುವುದಕ್ಕೆಂದೇ ನೋಡಿದೆ. ತಪ್ಪಿಗೇನು ಬರಗಾಲವಿರಲಿಲ್ಲ. ಮುರಕಲ್ಲಿನ ಮೈ ತುಂಬ ತೂತು. ಕುಂಚವಾದರೆ ತೂತಿನೊಳಗೆ ಹೊಕ್ಕು ಬರುತ್ತದೆ, ರೋಲರು ಮೇಲಿಂದ ಮೇಲೆ ಉರುಳಿ ಹೋಗುತ್ತದೆ. ಅವಳು ಹೆಜ್ಜೆ ಬದಲಿಸುವಾಗ ಬಣ್ಣ ನಿಲ್ಲದೆ ಗೊಂಡೆ ಗಿಡದ ಮೇಲೆ ಸುರಿಯಿತು. ಹಳದಿ ಹೂವಿಗೆ ಹಳದಿ ಬಣ್ಣ! ಇನ್ನು ಆ ಪೈಪಿನ ಹೊಟ್ಟೆಯಲ್ಲಿ ಉಳಿದ ಬಣ್ಣದಲ್ಲಿ ನಾವು ಗೇಟಿನ ಕಂಬ ಎರಡನ್ನೂ ಬಳಿದು ಮುಗಿಸಬಹುದಿತ್ತು. ಕೆಲಸವಾದ ಮೇಲೆ ಅದನ್ನು ತೊಳೆಯುವುದಕ್ಕೆ ಬೇಕಾಗುವ ನೀರಿನಲ್ಲಿ ಒಂದು ಸಾಲು ಬಸಳೆಗೆ ನೀರಾಗುತ್ತದೆ.

ಚಹಾ ಮಾಡಿ ಲೋಟ ಹಿಡಿದುಕೊಂಡು ಹೋದೆ. ಪ್ರತಿ ವರ್ಷ ಈ ಹೊತ್ತಿಗೆ ಕುಂಚವನ್ನು ಬಕೆಟ್ಟಿನ ಮೇಲೆ ಅಡ್ಡ ಇಟ್ಟು, ಪಾಗಾರಕ್ಕೆ ಒರಗಿ ಇಬ್ಬರೂ ಚಹಾ ಕುಡಿಯುತ್ತಿದ್ದೆವು.

"ನಿಲ್ಸುಕ್ ಆತಿಲ್ಲ ಅಕ್ಕ!" ಎಂದು ಗುರ್ರಿನ ಮೇಲಿಂದ ಕೂಗಿದಳು. "ನಿಲ್ಸಿರೆ ಪೈಪಂಗೆ ಬಣ್ಣ ಒಣಗುತ್ತಂಬ್ರ್!"

ಚಹಾ ಕುಡಿಯುವುದಕ್ಕೆ ಬಿಡದ ಯಂತ್ರ! ಇಂಥದ್ದನ್ನು ಮಾಡಿದವರು ಜನ್ಮದಲ್ಲಿ ಗೋಡೆ ಬಳಿದವರಲ್ಲ, ಮನುಷ್ಯರ ಒಟ್ಟಿಗೆ ಕೆಲಸ ಮಾಡಿದವರೂ ಅಲ್ಲ. ಲೋಟವನ್ನು ಪಾಗಾರದ ಮೇಲೆ ಕುಕ್ಕಿ ತಿರುಗಿ ಬಂದೆ. ಚಹಾ ಅಲ್ಲೇ ಆರಿತು.

ಮೆಟ್ಟಿಲಿನ ಮೇಲೆ ಮತ್ತೆ ಕೂತು, ಕೈಗೆ ಕೆಲಸವಿಲ್ಲದೆ, ಬಾಯಿಗೂ ಕೆಲಸವಿಲ್ಲದೆ, ಅವಳನ್ನೇ ನೋಡಿದೆ. ಇಷ್ಟು ವರ್ಷ ಬಳಿಯುವಾಗ ನಾನು ನೋಡಿದ್ದು ಗೋಡೆಯನ್ನು, ಅವಳನ್ನಲ್ಲ. ಜಲಜ ಕೋಲನ್ನು ಎಡಗೈಯಲ್ಲಿ ಹಿಡಿದಿದ್ದಳು. ಬಾವಿಯಿಂದ ತುಂಬಿದ ಕೊಡವನ್ನು ಬಲಗೈಯಲ್ಲಿ ಎತ್ತಿ ಸೊಂಟಕ್ಕೆ ಏರಿಸುವ ಹೆಂಗಸು ಅವಳು. ಈಗ ಆ ಬಲಗೈ ಕೋಲಿನ ಬುಡಕ್ಕೆ ತಾಗಿಕೊಂಡಿತ್ತು ಅಷ್ಟೆ. ಮೊಣಕೈ ಪಕ್ಕೆಗೆ ಅಂಟಿದ್ದು ಬಿಡುತ್ತಿರಲಿಲ್ಲ. ರೋಲರು ಮೇಲಕ್ಕೆ ಹೋಗಬೇಕಾದಾಗ ಅವಳು ಕೈ ಎತ್ತಲಿಲ್ಲ, ತುದಿಗಾಲಿನಲ್ಲಿ ನಿಂತಳು. ಒಮ್ಮೆ ಹಾಗೆ ನಿಂತಾಗ ತುಟಿ ಕಚ್ಚಿಕೊಂಡದ್ದು ಕಂಡಿತು.

ನಾನು ಎದ್ದು ಹೋಗಿ ಕಿಟಕಿಯ ಹತ್ತಿರ ವಯರಿನ ಪ್ಲಗ್ಗು ಕಿತ್ತೆ.

ಗುರ್ರ್ ನಿಂತಿತು. ಅವಳು ತಿರುಗಿದಳು. "ಎಂತ ಆಯ್ತ್? ಕರೆಂಟ್ ಹೋಯ್ತಾ?"

"ಹೋಯ್ಲಿಲ್ಲ. ನಾನ್ ತೆಗ್ದೆ."

"ಅಯ್ಯೋ ಅಕ್ಕ, ಬಣ್ಣ ಒಣಗುತ್ತ್!"

"ಒಣಗ್ಲಿ."

ಕುಂಚ ತಂದೆ. ಪಂಪನ್ನು ಬಕೆಟ್ಟಿನ ಬಾಯಿಯಿಂದ ಎತ್ತಿ ಪಕ್ಕಕ್ಕಿಟ್ಟೆ. ಎಸೆಯಬೇಕು ಎಂದಿದ್ದೆ, ಪೈಪು ಕಾಲಿಗೆ ಸುತ್ತಿಕೊಂಡು ನಾನೇ ಬೀಳುತ್ತಿದ್ದೆ. ಸುಧಾರಿಸಿಕೊಂಡು ಕುಂಚ ಅದ್ದಿ, ಒರೆಸಿ, ಗೋಡೆಗೆ ಮುಖ ಮಾಡಿ ಬಳಿಯತೊಡಗಿದೆ. ಅವಳ ಕಡೆ ನೋಡಲಿಲ್ಲ. ಏನೂ ಕೇಳಲಿಲ್ಲ. ಕೇಳಿದರೆ ರವಿಕೆ ಕಣ ಎನ್ನುತ್ತಾಳೆ ಎಂದು ಗೊತ್ತು. ಒಂದು ಮಾರು ಗೋಡೆ ಬಳಿದು ಮುಗಿಸಿದೆ. ಆಮೇಲೆ ಅವಳು ಕೋಲನ್ನು ನೆಲಕ್ಕಿಟ್ಟು ಬಂದು ನನ್ನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತಳು. ಕೈಯಲ್ಲಿ ಏನೂ ಇರಲಿಲ್ಲ.

"ಗಂಟ್ ಆಯ್ತ್ ಅಕ್ಕ. ಬಲ್ದ್ ಎದಿ ಬದಿಗ್, ಕಂಕುಳ್ ಹತ್ರ," ಎಂದಳು. "ಒಂಚೂರ್ ತೆಗ್ದ್ ಪರೀಕ್ಷಿಗ್ ಕಳ್ಸಿರ್. ಕೈ ಎತ್ತುಕ್ ಆತಿಲ್ಲ."

ನನ್ನ ಕುಂಚ ಅದೇ ಜಾಗದಲ್ಲಿ ಮೇಲೆ ಕೆಳಗೆ ಹೋಗುತ್ತಿತ್ತು.

"ಬಗ್ಗಿ ಅದ್ದಿ ಎತ್ತುದ್ ಕಂಡ್ರೆ ನಿಮ್ಗ್ ಗೊತ್ತಾತ್ತಲೆ. ಅದ್ಕೇ ಈ ಪಂಪ್ ತರ್ಸದ್ದ್."

"ಅವ್ರಿಗ್ ಹೇಳಿದ್ಯಾ?" ಎಂದೆ. ಮುಂಬೈಯಲ್ಲಿರುವ ಅವಳ ಗಂಡನ ಬಗ್ಗೆ ಕೇಳಿದ್ದು.

"ಇಲ್ಲ. ಅಕ್ಕನ್ ಸೊಂಟಕ್ಕೆ ಆತಿಲ್ಲ, ಪಾಪ, ಒಂದ್ ಪಂಪ್ ಕಳ್ಸಿ ಅಂದೆ."

ನೋಡಿ, ಇಷ್ಟರ ತನಕ ನನ್ನ ಸಿಟ್ಟು ಒಂದು ಯಂತ್ರದ ಮೇಲಿತ್ತು. ಈಗ ಎಲ್ಲರ ಮೇಲೂ ಹರಡಿತು. ನನ್ನ ಸೊಂಟವನ್ನು ಮುಂಬೈ ತನಕ ಕಳಿಸಿ ಸುಳ್ಳು ಹೇಳಿದ ಇವಳ ಮೇಲೆ. ಕೇಳಿದ ಕೂಡಲೇ ಪಂಪು ಕಳಿಸಿ, ಯಾಕೆ ಎಂದು ಇನ್ನೊಂದು ಮಾತು ಕೇಳದ ಮೈದುನನ ಮೇಲೆ. ಎಣ್ಣೆ ತಿಕ್ಕುವುದು ತಪ್ಪಿತು ಎಂದು ನಕ್ಕ ನನ್ನವರ ಮೇಲೆ. ಆ ಬಸ್ಸಿನಲ್ಲಿ ಕೋಟೇಶ್ವರದ ತನಕ ಮಲ್ಲಿಗೆ ಗಿಡದ ಮಾತಾಡಿದ ನನ್ನ ಮೇಲೆ. ಇಷ್ಟು ದಿನ ರಾತ್ರಿಯೆಲ್ಲ ಇವಳು ಅಂಗಳದ ಆಚೆ ಒಬ್ಬಳೇ ಮಲಗಿ ಇದನ್ನೇ ಯೋಚಿಸಿರಬೇಕು, ಈಚೆ ನಾನು ಕುಂಚ ನೆನೆಹಾಕಿಕೊಂಡು ಕಾದಿದ್ದೆ. ಕಣ್ಣಿನಲ್ಲಿ ನೀರು ಬಂತು. ಸಿಟ್ಟಿಗೇ ಬಂತು.

"ನಾಳ್ ಬೆಳಿಗ್ಗೆ ರಿಪೋರ್ಟ್ ಸಿಕ್ಕುತ್ತ್," ಎಂದಳು ಗೋಡೆಗೆ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಒಬ್ಳೇ ಹೋಪುಕ್ ಹೆದ್ರಿಕಿ ಆತ್ತ್. ನೀವ್ ಒಟ್ಟಿಗ್ ಬತ್ರ್ಯಾ ಅಕ್ಕ?"

"ಬತ್ರ್ಯಾ ಅಂದೇಳಿ ಕೇಂತ್ಯಲೆ!" ಅದನ್ನೂ ಕೇಳಬೇಕೇ ಎಂಬ ಸಿಟ್ಟಿಗೆ ನನ್ನ ದನಿ ಎಷ್ಟು ಜೋರಾಯಿತೆಂದರೆ ಒಳಗಿಂದ ನನ್ನವರು ಪೇಪರು ಹಿಡಿದುಕೊಂಡೇ ಹೊರಗೆ ಓಡಿ ಬಂದರು. "ಅದನ್ನೆಂತ ಕೇಂಬ್ದ್? ಎಷ್ಟ್ ಗಂಟಿಗ್ ಬಸ್ ಅಂದೇಳಿ ಹೇಳ್!"

"ಎಂತ ಆಯ್ತ್?" ಎಂದರು ನನ್ನವರು.

"ಎಂತದೂ ಆಯ್ಲಿಲ್ಲ. ಒಳ್ಗ್ ಹೋಯ್ನಿ," ಎಂದೆ. ಹೋದರು.

ಪಾಗಾರ ಈಗ ಅರ್ಧ ಹಳದಿ, ಅರ್ಧ ಕಪ್ಪು. ಹೆದ್ದಾರಿ ಕಡೆಯಿಂದ ಬರುವವರು ನೋಡಿ ನಗುತ್ತಾರೆ, ನಗಲಿ. ಪಂಪಿನೊಳಗೆ ಬಣ್ಣ ಒಣಗಿ ಕಲ್ಲಾಗಿದೆ, ಆಗಲಿ. ಆ ರಿಪೋರ್ಟಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಹೆದರಿಕೆ ಅವಳಿಗೆ ಮಾತ್ರ ಎಂದು ನೀವು ತಿಳಿಯಬೇಡಿ. ಆದರೆ ನಾಳೆ ಡಾಕ್ಟರು ಅದನ್ನು ಬಿಡಿಸಿ ಓದುವಾಗ ಅವರ ಎದುರು ಕುರ್ಚಿ ಎರಡಿರಬೇಕು. ಒಬ್ಬರೇ ಒಳಗೆ ಬರಬೇಕು ಎಂದು ಬಾಗಿಲಲ್ಲಿ ಯಾರಾದರೂ ಹೇಳಿ ನೋಡಲಿ.